ಸಾರಮ್ಮನ ಕಲ್ಲು

ಆ ಕಡೆ ಬೇಡ ಅಕ್ಕ! ಬೇವಿನ ಮರದ ಹತ್ರ ಹಾವೈತೆ ಅಂತಾರೆ... ನಿಜ ಕಣಕ್ಕ, ಹೋದ ವಾರ ಗಿಡ ಕೀಳೋಕೆ ಬಂದೋರು ಕಣ್ಣಾರೆ ನೋಡಿದ್ರಂತೆ. ಯಾಕೆ ನಗ್ತೀಯ? ಚಿಕ್ಕೋಳಿದ್ದಾಗ ಏನಾದ್ರೂ ಮುಚ್ಚಿಡ್ಬೇಕಾದ್ರೆ ನಾನು ಹಾವಿನ ಕಥೆ ಹೇಳ್ತಿದ್ದೆ, ಅದು ನೆನಪಾಯ್ತಾ? ಹೋಗಕ್ಕ! ಆಗ ಬೆಲ್ಲ ಕದ್ದಿದ್ದೆ, ಅದಕ್ಕೆ ಅಡುಗೆ ಮನೇಲಿ ಹಾವೈತೆ ಅಂದಿದ್ದೆ. ಈಗ ಈ ಗೋರಿಗಳ ಮಧ್ಯೆ ಏನ್ ಕದೀಲಿ ನಾನು?

ಬಾ, ಇಲ್ಲಿಂದ ಶುರು ಮಾಡೋಣ. ಇದು ಸುಗುಣಾ ಟೀಚರಮ್ಮಂದು, ಸಂಡೇ ಸ್ಕೂಲಲ್ಲಿ ನಿನ್ನ ಕಿವಿ ಹಿಂಡ್ತಿದ್ರಲ್ಲ, ಅವರದ್ದು. ಮಕ್ಳು ಯಾರೂ ಬಂದಿಲ್ಲ ಈ ಸಲಾನೂ. ನೋಡು, ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದೈತೆ. ಸಮಾಧಿ ಹಬ್ಬದ ದಿನ ನಮ್ಮೋರದ್ದು ಮಾತ್ರ ಅಲ್ಲ, ಕೇಳೋರಿಲ್ಲದೋರದ್ದೂ ಒಂದೆರಡು ಚೊಕ್ಕ ಮಾಡ್ಬೇಕು ಅಂತ ಅಮ್ಮಾನೇ ಹೇಳ್ತಿದ್ಲಲ್ಲ? ಮೊದ್ಲು ಅವರದ್ದು, ಆಮೇಲೆ ನಮ್ಮದು. ಆ ಸುಣ್ಣದ ಬಕೆಟ್ ಇತ್ಲಾಗೆ ತಾ.

ತೋರಿಸ್ತೀನಿ ಅಕ್ಕ, ಅಮ್ಮಂದೂ ತೋರಿಸ್ತೀನಿ. ಎಲ್ಲಿಗೆ ಓಡೋಗ್ತಾಳೆ ಅವಳು? ನಿನ್ನೆ ತಾನೇ ವಿಮಾನ ಇಳಿದಿದೀಯ, ಕಣ್ಣೆಲ್ಲ ಕೆಂಪಗೈತೆ. ಸ್ವಲ್ಪ ಕೂತ್ಕೊ.

ಹೌದು, ಬೆಳಿಗ್ಗೇನೇ ಬಂದಿದ್ರೆ ಸಭೆಯೋರೆಲ್ಲ ಸಿಗ್ತಿದ್ರು. ಗುಡೀಲಿ ಪಾಸ್ಟರಯ್ಯನ ಆರಾಧನೆ ಮುಗಿಸ್ಕೊಂಡು ಎಲ್ರೂ ಹೂವು ಹಿಡ್ಕೊಂಡು ಇಲ್ಲಿಗೇ ಬರ್ತಾರೆ, ಗೊತ್ತು ನನಗೆ. ನೀನು ಮಲಗಿದ್ದೆ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಅಷ್ಟೇ... ಬೇರೆ ಏನಿರುತ್ತೆ? ಜನ ಇದ್ರೆ ನಿನಗೆ ಕುವೈತ್ ಕಥೆ ಕೇಳಿ ಕೇಳಿ ಸಾಯಿಸ್ತಿದ್ರು. ಕೆಲಸದ ಮನೆ ಮೇಡಂ ಎಂಥೋಳು, ಸೆಕೆ ಎಷ್ಟು, ಒಂಟೆ ನೋಡಿದ್ಯಾ ಅಂತ. ಈಗ ನೋಡು, ನಾನು ನೀನು, ಗೇಟಲ್ಲಿ ಅಕ್ಬರ್. ಅಷ್ಟೇ.

ಅಕ್ಬರ್ ಕಾಯ್ತಾನೆ ಬಿಡು. ಆಟೋದಲ್ಲೇ ಮಲಗಿರ್ತಾನೆ. ಕಲ್ಲು ಅಲ್ಲೇ ಇರ್ಲಿ, ಈಗ್ಲೇ ಇಳಿಸೋದು ಬೇಡ... ಅಲ್ಲಾ, ಆ ಕಲ್ಲಿನ ವಿಷಯ ನನಗೆ ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ? ಅಲ್ಲಿಂದಾನೇ ಫೋನಲ್ಲಿ ಹೇಳಿ ಮುಳಬಾಗಿಲಲ್ಲಿ ಕೆತ್ತಿಸಿದೀಯ, ಸುತ್ತು ಬಳಸಿ ಹೋಗಿ ಹೊತ್ಕೊಂಡು ಬಂದಿದೀಯ. ನಿನ್ನೆ ನೀನು ಗೋಣಿಚೀಲ ಬಿಚ್ಚಿದಾಗ ನನ್ನ ಜೀವಾನೇ... ಅಲ್ಲ, ಖುಷಿಯಾಯ್ತು. ಖುಷಿಗೇ ಅತ್ತಿದ್ದು ನಾನು. ಇನ್ನೇನಕ್ಕೆ ಅಳ್ತಾರೆ? ಎಷ್ಟು ಚೆನ್ನಾಗಿ ಕೆತ್ತಿದಾರೆ! ಮೇಲೆ ಶಿಲುಬೆ, ಕೆಳಗೆ ಅಮ್ಮನ ಹೆಸರು, ಸಾರಮ್ಮ. ಸಾ-ರ-ಮ್ಮ. ಆ ಹೆಸರನ್ನ ಕಲ್ಲಿನ ಮೇಲೆ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ ನಾನು.

ಇವತ್ತು ಗುಡಿಯಲ್ಲಿ ಪಾಸ್ಟರಯ್ಯ ಅದೇ ಓದಿರ್ತಾರೆ, ವರ್ಷಾ ವರ್ಷಾ ಓದೋದು. ಬೈಬಲ್ಲಿನ ಕೊನೇಲಿ ಪ್ರಕಟನೆ ಪುಸ್ತಕದಲ್ಲಿ ಬರುತ್ತಲ್ಲ, ಬಿಳೀ ನಿಲುವಂಗಿ ಹಾಕ್ಕೊಂಡು ನಿಂತಿರೋ ಆ ದೊಡ್ಡ ಗುಂಪು, ಎಣಿಸೋಕಾಗದಷ್ಟು ಪರಿಶುದ್ಧರು. ಅಮ್ಮಂಗೆ ಅದು ಬಾಯಿಪಾಠ. ಅವಳ ತೆಲುಗು ಬೈಬಲ್ಲಲ್ಲಿ ಆ ಹಾಳೆ ಎಣ್ಣೆ ಹತ್ತಿ ಹತ್ತಿ ಹಪ್ಪಳ ಆಗೋಗೈತೆ. ನೆನಪೈತಾ ನಿನಗೆ, ಅಲ್ಲಿ ಒಬ್ಬ ಹಿರಿಯ ಎದ್ದು ಕೇಳ್ತಾನೆ, ಇವರೆಲ್ಲ ಯಾರು, ಎಲ್ಲಿಂದ ಬಂದೋರು ಅಂತ. ಅದನ್ನ ಬರೆದ ಯೋಹಾನ ಏನಂತಾನೆ? ಅಯ್ಯಾ, ನಿನಗೇ ಗೊತ್ತು. ಅಷ್ಟೇ. ಅಮ್ಮ ಅಲ್ಲಿಗೆ ಬಂದಾಗೆಲ್ಲ ನಿಲ್ಲಿಸ್ತಿದ್ಲು. 'ಚೂಡು, ನೋಡ್ರೇ, ಅಲ್ಲೂ ಕೇಳ್ತಾರೆ, ಯಾವೂರು ಯಾವ ಕೇರಿ ಅಂತ! ಆದ್ರೆ ಅಲ್ಲಿ ಕೇಳೋನಿಗೇ ಉತ್ತರ ಗೊತ್ತಿರುತ್ತೆ, ನಾವು ಬಾಯಿ ಬಿಡೋ ಹಂಗೇ ಇಲ್ಲ' ಅಂತ ನಗ್ತಿದ್ಲು. ಹ್ಞೂ, ಹಂಗೇ, ಹಲ್ಲಿಲ್ಲದ ಬಾಯಿ ಮುಚ್ಕೊಂಡು... ನೀನೂ ಹಂಗೇ ನಗ್ತೀಯ ಅಕ್ಕ. ಗೊತ್ತಾ ನಿನಗೆ? ಥೇಟ್ ಅಮ್ಮಾನೇ.

ಫೋನ್ ಯಾಕೆ ತೆಗೆದೆ ಈಗ? ಮೇಡಮ್ಮಂದಾ? ... ಓ. ನಾನು ಕಳಿಸಿದ್ದ ಆ ಗೋರಿ ಫೋಟೋನಾ.

ಇನ್ನೂ ಇಟ್ಕೊಂಡಿದೀಯಾ? ಫೋನ್ ತೆಗೆದ ತಕ್ಷಣ ಅದೇ ಕಾಣೋ ಹಂಗೆ ಹಾಕ್ಕೊಂಡಿದೀಯಾ! ದೇವರೇ... ಮಲಗೋ ಮುಂಚೆ ದಿನಾ ಅದನ್ನ ನೋಡ್ಕೊಂಡು ಪ್ರಾರ್ಥನೆ ಮಾಡ್ತಿದ್ದೆ ಅಂತ ನಿನ್ನೆ ನೀನಂದಾಗ, ಸುಮ್ಮನೆ ಮಾತಿಗೆ ಅಂದ್ಕೊಂಡೆ. ಅದು ಅವಸರಕ್ಕೆ ತೆಗೆದಿದ್ದು ಕಣಕ್ಕ, ಸರಿಯಾಗಿ ಬಂದಿಲ್ಲ. ಅದರಲ್ಲಿ ಏನೂ ಗೊತ್ತಾಗಲ್ಲ. ಇಟ್ಬಿಡು ಒಳಗೆ, ಬಿಸಿಲಿಗೆ ಹಾಳಾಗುತ್ತೆ.

ಮಾತಿಗೆ ಬಂತು, ಹೇಳ್ತೀನಿ ಕೇಳು. ಈಚೆಗೆ ನಾನೇ ಕೂತು ಓದ್ತಿದೀನಿ. ಮನೇಲೇ, ಬಾಗಿಲು ಹಾಕ್ಕೊಂಡು. ಕೊರಿಂಥ ಊರಿನ ಸಭೆಯೋರಿಗೆ ಪೌಲ ಬರೆದ ಪತ್ರ ಐತಲ್ಲ ಬೈಬಲ್ಲಲ್ಲಿ, ಮೊದಲನೇದು. ಶುರುವಿನಲ್ಲೇ ಏನಂತ ಬರೀತಾನೆ ಗೊತ್ತಾ? ಪರಿಶುದ್ಧರಿಗೆ ಅಂತ! ನಾನಂದ್ಕೊಂಡೆ, ಯಾರೋ ದೊಡ್ಡ ಋಷಿಗಳು ಇರ್ಬೇಕು, ಗುಡ್ಡದ ಮೇಲೆ ಉಪವಾಸ ಕೂತೋರು ಅಂತ. ಮುಂದೆ ಓದ್ತಾ ಹೋದ್ರೆ... ಅಯ್ಯಯ್ಯೋ! ನಾನು ಅವರ ಕಡೆ, ನೀನು ಇವರ ಕಡೆ ಅಂತ ಜಗಳ. ಒಬ್ರ ಮೇಲೆ ಒಬ್ರು ಕೋರ್ಟಿಗೆ ಹೋಗಿದಾರೆ. ಪ್ರೀತಿಭೋಜನಕ್ಕೆ ಕೂತ್ರೆ ಒಬ್ಬ ಕುಡಿದು ತೇಲ್ತಾನೆ, ಪಕ್ಕದೋನು ಹಸ್ಕೊಂಡು ನೋಡ್ತಾ ಕೂತಿರ್ತಾನೆ. ನಮ್ಮ ಸಭೇಲಿ ಮೈಕ್ ಸೆಟ್ಟಿಗೆ ಆದ ಜಗಳ, ಮಟನ್ ಪೀಸಿಗೆ ಆದ ಜಗಳ, ಅದೆಲ್ಲ ಏನೂ ಅಲ್ಲ ಅಕ್ಕ ಅವರ ಮುಂದೆ!

ನಗು, ನಗು. ನಾನೂ ನಕ್ಕೆ. ನಕ್ಕು ನಕ್ಕು... ಆಮೇಲೆ ಅತ್ತೆ. ಯಾಕಂದ್ರೆ ಅವರು ಎಂಥೋರು ಅಂತ ಅವನಿಗೆ ಗೊತ್ತಿತ್ತು. ಎಲ್ಲಾ ಗೊತ್ತಿದ್ದೂ ಮೇಲ್ಗಡೆ ಪರಿಶುದ್ಧರಿಗೆ ಅಂತಾನೇ ಬರೆದ. ಮೊದ್ಲು ಹಂಗೆ ಕರೆದ, ಬೈದಿದ್ದು ಆಮೇಲೆ. ಅಂಥೋರನ್ನೇ ಹಂಗೆ ಕರೀಬೋದು ಅಂದ್ರೆ, ಒಬ್ಬಳು ಹೆಂಗಸು... ಏನೋ ಒಂದು ತಪ್ಪಿದೋಳು... ಅವಳನ್ನೂ ಆ ಗುಂಪಿನ ಕೊನೇ ಸಾಲಲ್ಲಿ ಎಲ್ಲಾದ್ರೂ... ಸುಮ್ಮನೆ ಕೇಳ್ದೆ. ನನ್ನ ವಿಷಯ ಅಲ್ಲ. ಮಾತಿಗೆ ಹೇಳ್ದೆ.

ಎದ್ಯಾ? ಯಾಕೆ? ಇನ್ನೂ ಟೀಚರಮ್ಮಂದೇ ಮುಗಿದಿಲ್ಲ...

ಅಕ್ಕ, ಒಂದು ಮಾತು ಕೇಳ್ಲಾ? ಮಣ್ಣಲ್ಲಿ ಏನೈತೆ ಹೇಳು. ಪರಿಶುದ್ಧರೆಲ್ಲ ಮೋಡದ ಹಂಗೆ ನಮ್ಮ ಸುತ್ತ ಕವಿದಿದಾರೆ ಅಂತ ತಾನೇ ಬರೆದಿರೋದು? ಮೋಡಕ್ಕೆ ಗೋರಿ ಐತಾ? ಅಮ್ಮ ಇಲ್ಲೇ ಇದಾಳೆ, ನಿನ್ನ ಭುಜದ ಮೇಲೆ, ಈ ಗಾಳೀಲಿ. ಎಲ್ಲಿ ಹಚ್ಚಿದ್ರೂ ಅವಳಿಗೆ ಕಾಣುತ್ತೆ. ಇಲ್ಲೇ ಟೀಚರಮ್ಮನ ಹತ್ರ ಮೊಂಬತ್ತಿ ಹಚ್ಚಿ ಹೋಗ್ಬಿಡೋಣ. ಕಲ್ಲು ಮನೇಲಿಟ್ಟು, ನಿಧಾನಕ್ಕೆ, ಪಾಸ್ಟರಯ್ಯನ್ನ ಕೇಳಿ... ಅಕ್ಕಾ? ಆ ಕಡೆ ಬೇಡ ಅಂದ್ನಲ್ಲ! ಹಾವೈತೆ! ಅಕ್ಕಾ!

...

ಹೌದು. ಅದೇ ಬೇವಿನ ಮರ.

ಹೌದು, ಅದೇ ಗೋಡೆ. ಮೇಲೆ ಗಾಜಿನ ಚೂರು, ಮಧ್ಯ ಒಡೆದಿರೋದು. ಫೋಟೋನ ಅಷ್ಟು ಹತ್ರ ಹಿಡ್ಕೊಂಡು ನೋಡೋದು ಬೇಡ ಅಕ್ಕ. ಅದೇ ಜಾಗ. ಆಗ ಹಸಿಮಣ್ಣಿತ್ತು, ಈಗ ಸಿಮೆಂಟ್ ಮಾಡಿದಾರೆ. ಶಿಲುಬೆ ಹಾಕಿದಾರೆ. ನಾನೇ ಹೇಳಿ ಮಾಡಿಸ್ದೆ, ನಿನಗೆ ಹೇಳೋಣ ಅಂತಿದ್ದೆ... ಬರೆಯೋನು ತಪ್ಪು ಹೆಸರು ಬರೆದ. ಆ ಪೇಂಟರು ಕುಡುಕ. ತಿದ್ದಿಸ್ಬೇಕು ಅದನ್ನ...

ಹಂಗೆ ಬೆರಳಿಟ್ಟು ಓದ್ಬೇಡ. ಯೋಹಾನಪ್ಪ ಅಂತಿರೋದು ನನಗೂ ಗೊತ್ತು.

ಬೈ ಅಕ್ಕ, ಹೊಡಿ. ಹಿಂಗೆ ನೋಡ್ಬೇಡ.

ಆಯ್ತು... ಆಯ್ತು ಕಣೇ ಅಕ್ಕ, ಹೇಳ್ತೀನಿ. ಅದು ಯೋಹಾನಪ್ಪಂದೇ ಗೋರಿ. ಅಂಚೆ ಆಫೀಸಲ್ಲಿದ್ನಲ್ಲ, ಆ ಮುದುಕ. ಅಮ್ಮ ತೀರ್ಕೊಂಡ ವಾರಾನೇ ಅವನೂ ತೀರ್ಕೊಂಡ. ನೀನು ಅಲ್ಲಿಂದ ಅತ್ಕೊಂಡು ಅತ್ಕೊಂಡು ಕೇಳ್ತಿದ್ದೆ, ಮುಖ ಅಂತೂ ನೋಡ್ಲಿಲ್ಲ, ಮಣ್ಣಾದ್ರೂ ತೋರಿಸು ಅಂತ. ನಾನು ಅಕ್ಬರ್ ಆಟೋ ಮಾಡ್ಕೊಂಡು ಇಲ್ಲಿಗೆ ಬಂದೆ. ಇದೊಂದೇ ಹೊಸ ಗೋರಿ ಇದ್ದಿದ್ದು. ಅವರು ಹಾಕಿದ್ದ ಹಾರ ಬಾಡಿತ್ತು, ಅದನ್ನ ತೆಗೆದು ಪಕ್ಕಕ್ಕಿಟ್ಟು, ನಾನು ತಂದಿದ್ದ ಚೆಂಡುಹೂವಿನ ಹಾರ ಹಾಕಿ, ಫೋಟೋ ತೆಗೆದು ಕಳಿಸ್ದೆ. ಆಮೇಲೆ ಅವರ ಹಾರ ಇದ್ದಲ್ಲೇ ಇಟ್ಟೆ. ನನ್ನದನ್ನ ವಾಪಸ್ ತಗೊಂಡು ಹೋದೆ... ಅದನ್ನ ಎಲ್ಲಿ ಹಾಕೋದು ಅಂತ ಗೊತ್ತಾಗದೆ ದಾರೀಲಿ ಹಸುವಿಗೆ ಹಾಕ್ದೆ.

ಅಕ್ಬರ್ ನೋಡ್ದ. ಒಂದು ಮಾತೂ ಕೇಳ್ಲಿಲ್ಲ. ಪುಣ್ಯಾತ್ಮ, ನಿನಗೂ ಹೇಳ್ಲಿಲ್ಲ ನೋಡು.

ಅಮ್ಮ ಇಲ್ಲಿಲ್ಲ ಅಕ್ಕ. ಅಮ್ಮ ಊರಲ್ಲಿದಾಳೆ. ನಮ್ಮೂರ ಕೆರೆ ಕಟ್ಟೆ ಕೆಳಗೆ, ಕೇರಿಯೋರ ಸ್ಮಶಾನದಲ್ಲಿ. ಅಪ್ಪನ ಕಡೆಯೋರೆಲ್ಲ ಇದಾರಲ್ಲ, ಅಲ್ಲೇ. ಶಿಲುಬೆ ಇಲ್ಲ. ಪಾಸ್ಟರಯ್ಯ ಬರ್ಲಿಲ್ಲ... ಬರ್ಬೇಡಿ ಅಂದೆ. ಫೋನ್ ಮೇಲೆ ಫೋನ್ ಮಾಡಿದ್ರು, ನಾನು ಎತ್ಲಿಲ್ಲ. ತಮಟೆ ಹೊಡೆದ್ರು. ಮುನಿವೆಂಕಟಮ್ಮ ಅಂತ, ಕಾಗದದಲ್ಲಿದ್ದ ಹೆಸರಲ್ಲೇ ಮಣ್ಣು ಮಾಡಿದ್ವಿ.

ಯಾಕೆ ಅಂತ ಕೇಳಲ್ವಾ? ಕೇಳು! ... ನಾನೇ ಹೇಳ್ಬೇಕು.

ಧನಶ್ರೀಗೋಸ್ಕರ. ನನ್ನ ಮಗಳು ಗವರ್ಮೆಂಟ್ ಕೆಲಸಕ್ಕೆ ಸೆಲೆಕ್ಟ್ ಆಗಿದ್ದು ನಿನಗೆ ಗೊತ್ತಲ್ಲ, ಫೋನಲ್ಲಿ ನೀನೇ ಕುಣಿದಾಡಿದ್ದೆ. ನರಸಾಪುರದ ಆ ಕಂಪನೀಲಿ ಶಿಫ್ಟ್ ಮೇಲೆ ಶಿಫ್ಟ್ ನಿಂತ್ಕೊಂಡೇ ಕೆಲಸ, ಬಸ್ಸಿಳಿದು ಬಂದ್ರೆ ಕಾಲು ಚಪ್ಪಲಿಯೊಳಗೆ ಹಿಡೀತಿರ್ಲಿಲ್ಲ ಆ ಮಗೂಗೆ. ಬಸ್ಸಲ್ಲೇ ಓದಿ ಪಾಸಾದ್ಲು. ಕೆಲಸ ಸಿಕ್ಕಿದ್ದು ನಮ್ಮ ಜಾತಿಯ ಮೀಸಲಾತಿ ಮೇಲೆ. ಕೆಲಸಕ್ಕೆ ಸೇರಿಸ್ಕೊಳ್ಳೋ ಮುಂಚೆ ಜಾತಿ ನಿಜಾನಾ ಅಂತ ಊರಿಗೆ ಬಂದು ವಿಚಾರಿಸ್ತಾರೆ. ಕ್ರೈಸ್ತರು ಅಂತ ಗೊತ್ತಾದ್ರೆ ಮುಗೀತು. ಕಾನೂನು ಹಂಗೈತೆ. ದೇವರು ಬದಲಾದ್ರೆ ಜಾತಿ ಹೋಯ್ತು ಅಂತಾರೆ.

ಹೋಯ್ತಾ ಅಕ್ಕ? ನೀನೇ ಹೇಳು. ದೇವರು ಬದಲಾದ್ರೆ ಕೇರಿ ಬದಲಾಯ್ತಾ ನಮ್ಮದು? ಅಮ್ಮನ ಕಡೆ ತಾತನ ಕಾಲದಿಂದ ಯೇಸು ಗುಡಿಗೆ ಹೋಗ್ತಿದೀವಿ, ಊರ ಹೋಟೆಲಲ್ಲಿ ಅಮ್ಮನಿಗೆ ಟೀ ಕೊಡ್ತಿದ್ದ ಲೋಟ ಬೇರೇನೇ ಇತ್ತಲ್ಲ, ಅದೇನು ಬದಲಾಯ್ತಾ? ಕಾಗದದಲ್ಲಿ ಒಂದು ಹೆಸರು, ಗುಡೀಲಿ ಒಂದು ಹೆಸರು, ಅದಕ್ಕೆ ನನಗೆ ನಾಚಿಕೆ ಇಲ್ಲ. ನಿನ್ನ ಪಾಸ್‌ಪೋರ್ಟಲ್ಲಿ ಏನೈತೆ? ಅಂಜಮ್ಮ ಅಂತ ತಾನೇ? ಗುಡೀಲಿ ರೂತಮ್ಮ. ನಾನು ಅಲ್ಲಿ ಆದಿಲಕ್ಷ್ಮಿ, ಇಲ್ಲಿ ಮಾರ್ತಮ್ಮ. ಬದುಕೋಕೆ ಎರಡು ಹೆಸರು ಬೇಕು ನಮಗೆ. ಎರಡೂ ನಾವೇ.

ಹಂಗಂತ ನಾನೂ ಅಂದ್ಕೊಂಡೆ.

ಏನ್ ಮಾಡ್ತಿದೀಯ? ಅಕ್ಕ... ಅದು ಅಮ್ಮಂದಲ್ಲ ಅಂದ್ನಲ್ಲ. ಯೋಹಾನಪ್ಪಂದು ಅಕ್ಕ! ಗೊತ್ತಿದ್ದೂ ಹಚ್ತಿದೀಯಾ? ... ಗಾಳಿಗೆ ಆರುತ್ತೆ, ಇರು, ನನ್ನ ಕೈ ಅಡ್ಡ ಹಿಡೀತೀನಿ... ಹೂವೂ ಇಲ್ಲೇನಾ? ಆಯ್ತು. ಇಲ್ಲೇ ಇಡು. ಪಾಪ, ಮುದುಕ. ಇಷ್ಟು ತಿಂಗಳು ನಿನ್ನ ಪ್ರಾರ್ಥನೆಯೆಲ್ಲ ಕೇಳಿಸ್ಕೊಂಡಿದ್ದು ಅವನೇ ಅಲ್ವಾ. ಅವನೂ ಆ ಗುಂಪಲ್ಲಿ ನಿಂತಿರೋನೇ. ಅಮ್ಮಂಗೆ ಹೇಳಿರ್ತಾನೆ... ನಿನ್ನ ದೊಡ್ಡ ಮಗಳು ದಿನಾ ನನ್ನ ಬಾಗಿಲಿಗೆ ಬಂದು ಅಳ್ತಾಳೆ ಸಾರಮ್ಮ, ವಿಳಾಸ ತಪ್ಪಿ ಬರ್ತಾಳೆ ಅಂತ.

ಇಂಥೋಳು ನೀನು. ಒಂದು ಏಟು ಹೊಡೆದಿದ್ರೆ ಚೆನ್ನಾಗಿತ್ತು ಅಕ್ಕ. ಹೊಡೀದೆ ಮೊಂಬತ್ತಿ ಹಚ್ತೀಯಲ್ಲ!

ಅಮ್ಮಂಗೇನೂ ಬೇಜಾರಿರ್ಲಿಲ್ಲ, ಗೊತ್ತಾ? ಅವಳಿಗೆ ಎಲ್ಲಾ ಹೇಳಿದ್ದೆ ನಾನು. ಹಿಂಗಿಂಗೆ ವಿಚಾರಣೆಗೆ ಬರ್ತಾರಮ್ಮ, ಮಗೂ ಕೆಲಸದ ವಿಷಯ ಅಂತ. ಅಮ್ಮ ನಕ್ಕಳು. 'ಪರ್ವಾಲೇದುಲೇ ಅಮ್ಮಾಯಿ' ಅಂದ್ಲು. ನನ್ನ ಕೆನ್ನೆ ಸವರಿ, ಪರ್ವಾಗಿಲ್ಲ ಬಿಡು ಮಗಳೇ, ದೇವರಿಗೆ ಗೊತ್ತು ಅಂತ... ಹಂಗಂದೇ ಕಣ್ಣು ಮುಚ್ಚಿದ್ಲು. ಶಾಂತವಾಗಿ. ಆ ಮಾತು ಹಿಡ್ಕೊಂಡೇ ನಾನು ಬದುಕಿರೋದು.

...

ಯಾಕೆ ಹಂಗೆ ನೋಡ್ತೀಯ?

ಅಂದ್ಲು ಅಕ್ಕ. ನಿಜವಾಗ್ಲೂ ಅಂದ್ಲು. ನೀನಿರ್ಲಿಲ್ಲ, ನಿನಗೇನು ಗೊತ್ತು? ನಾನಿದ್ದೆ, ಅವಳ ತಲೆ ನನ್ನ ತೊಡೆ ಮೇಲಿತ್ತು... ನಂಬಿಕೆ ಇಲ್ವಾ? ಆಣೆ ಮಾಡ್ಲಾ? ಬೈಬಲ್ ಮುಟ್ಟಿ...

ಆ ಕಣ್ಣು ತೆಗಿ ಅಕ್ಕ ನನ್ನ ಮೇಲಿಂದ. ಆ ಕಣ್ಣು... ಅವಳದ್ದೇ ಕಣ್ಣು. ಅವಳೂ ಹಿಂಗೇ ನೋಡಿದ್ಲು.

ಇಲ್ಲ. ಇಲ್ಲ ಅಕ್ಕ. ಹಂಗನ್ಲಿಲ್ಲ ಅಮ್ಮ. ಆ ಮಾತು ನಾನೇ ಮಾಡ್ಕೊಂಡಿದ್ದು. ರಾತ್ರಿ ನಿದ್ದೆ ಬರ್ದಾಗ ಅಮ್ಮನ ಗಂಟಲಲ್ಲಿ ನಾನೇ ಹೇಳ್ಕೊಂಡು ಹೇಳ್ಕೊಂಡು, ಈಗ ಅವಳೇ ಅಂದಂಗೆ ಕೇಳುತ್ತೆ. ಅಮ್ಮ ಏನೂ ಅನ್ಲಿಲ್ಲ.

ಜಾತಿ ವಿಚಾರಣೆಯೋರು ಬಂದಾಗ ಅಮ್ಮ ಬದುಕಿದ್ಲು ಅಕ್ಕ. ಅದನ್ನ ನಿನಗೆ ಹೇಳಿಲ್ಲ ನಾನು. ಯಾರಿಗೂ ಹೇಳಿಲ್ಲ. ಸತ್ತ ಮೇಲೆ ಮಾಡಿದ್ದಾಗಿದ್ರೆ ಮಣ್ಣು ಮಣ್ಣೇ ಬಿಡು ಅಂದ್ಕೊಂಡು ಇರ್ತಿದ್ದೆ. ಹಾಸಿಗೆ ಹಿಡಿದಿದ್ಲು, ನಡುಮನೇಲಿ ಮಂಚದ ಮೇಲೆ. ಬುದ್ಧಿ ಸ್ವಚ್ಛವಾಗಿತ್ತು. ಬೆಳಿಗ್ಗೆ ಗಂಜಿಗೆ ಉಪ್ಪು ಜಾಸ್ತಿ ಅಂತ ಬೈದಿದ್ಲು ಕೂಡ. ಜೀಪು ಬಂತು ಅಂತ ಕೇರಿ ತುದಿಯಿಂದ ಯಾರೋ ಕೂಗಿದ್ರು. ಗೋಡೆ ಮೇಲಿದ್ದ ಶಿಲುಬೆ ಕಿತ್ತು ಅಕ್ಕಿ ಡ್ರಮ್ಮಿಗೆ ಹಾಕ್ದೆ. ಆ ಮೊಳೆಗೆ ತಿಮ್ಮಪ್ಪನ ಕ್ಯಾಲೆಂಡರ್ ಹಾಕ್ದೆ. ಅಮ್ಮನ ದಿಂಬಿನ ಕೆಳಗಿಂದ ಬೈಬಲ್ ಎಳ್ಕೊಂಡೆ... ಅವಳು ಒಂದು ಕೈಯಲ್ಲಿ ಹಿಡ್ಕೊಂಡ್ಲು. ಬೆರಳು ಒಂದೊಂದೇ ಬಿಡಿಸ್ದೆ ಅಕ್ಕ. ಮಕ್ಕಳ ಕೈಯಿಂದ ಕತ್ತರಿ ಬಿಡಿಸ್ತಾರಲ್ಲ, ಹಂಗೆ. ಆಮೇಲೆ ಪಕ್ಕದ ಮನೆಯಿಂದ ವಿಭೂತಿ ಇಸ್ಕೊಂಡು ಬಂದು ಅವಳ ಹಣೆಗೆ ಹಚ್ಚಿದೆ.

ಅವಳು ನನ್ನ ಕೈ ತಳ್ಲಿಲ್ಲ. ಸುಮ್ಮನೆ ನೋಡಿದ್ಲು.

ಬಂದಿದ್ದ ಸಾಹೇಬ್ರು ಒಳ್ಳೇ ಮನುಷ್ಯ. ಗದರಿಸ್ಲಿಲ್ಲ, ಏನಿಲ್ಲ. ಕುರ್ಚಿ ಮೇಲೆ ಕೂತು ನೀರು ಕುಡಿದ್ರು. ಈ ಅಜ್ಜಿ ಯಾರು, ಎಲ್ಲಿಂದ ಬಂದೋರು ಅಂತ ಕೇಳಿದ್ರು. ಅದೇ ಮಾತು ಅಕ್ಕ! ಆ ಹಿರಿಯ ಕೇಳಿದ್ನಲ್ಲ, ಅದೇ! ಯಾರೋ ದೂರದ ನೆಂಟ್ರು ಅಂತಾನಾದ್ರೂ ಅಂದ್ಬಿಡೋಣ ಅನ್ನಿಸ್ತು ಒಂದು ಗಳಿಗೆ. ನಮ್ಮಮ್ಮ ಅಂದೆ, ಮುನಿವೆಂಕಟಮ್ಮ ಅಂದೆ. ಚರ್ಚಿಗೆ ಹೋಗ್ತಿದ್ರಂತಲ್ಲ ಅಂದ್ರು. ಇಲ್ಲ ಸಾರ್, ಮಿಷನ್ ಆಸ್ಪತ್ರೇಲಿ ಔಷಧಿ ತರೋಕೆ ಹೋಗ್ತಿದ್ಲು ಅಷ್ಟೇ, ಯೇಸು ಗೀಸು ನಮಗೊಂದೂ ಗೊತ್ತಿಲ್ಲ ಅಂದೆ. ಗೀಸು ಅಂದೆ ಅಕ್ಕ. ಅಮ್ಮ ಕೇಳಿಸ್ಕೊಂಡ್ಲು.

ಯೇಸು ಯಾರೋ ಗೊತ್ತೇ ಇಲ್ಲ ಅಂದ ಪೇತ್ರನ್ನ ನೆನಸ್ಕೊಂಡ್ಯಾ? ನೆನಸ್ಕೊ. ಅವನು ಬೆಂಕಿ ಕಾಯಿಸ್ತಾ ಹೊರಗೆ ಅಂಗಳದಲ್ಲಿ ನಿಂತು ಅಂದ. ನಾನು ಮಂಚದ ಪಕ್ಕ, ಅವಳ ಕಾಲು ಒತ್ತುತ್ತಾ ಅಂದೆ.

ಅಷ್ಟಕ್ಕೆ ಮುಗೀಲಿಲ್ಲ. ಅವರು ಬಗ್ಗಿ ಅಮ್ಮನ್ನೇ ಕೇಳಿದ್ರು. ಮರ್ಯಾದೆಯಿಂದ, ತೆಲುಗಲ್ಲೇ. 'ಅವ್ವಾ, ಮೀರು ಏ ದೇವುಣ್ಣಿ ಮೊಕ್ಕುತಾರು?' ಯಾವ ದೇವರಿಗೆ ಕೈ ಮುಗೀತೀರ ಅಂತ.

ನಿನಗೆ ಗೊತ್ತಲ್ಲ ಅಕ್ಕ ಅಮ್ಮ. ಯೇಸು ವಿಷಯ ಹೇಳೋಕೆ ಗ್ಯಾಸ್ ತರೋ ಹುಡುಗನನ್ನೂ ಬಿಟ್ಟೋಳಲ್ಲ. ಬಳೆಗಾರನ್ನ ಬಿಟ್ಟೋಳಲ್ಲ. ಅಕ್ಬರ್‌ಗೆ ಎಷ್ಟು ಸಲ ಹೇಳಿದಾಳೋ, ಅವನೂ ನಗ್ತಾ ಹ್ಞೂ ಅಮ್ಮಾ ಅಂತಿದ್ದ. ಯಾವ ದೇವರು ಅಂತ ಒಂದು ಸಲ ಯಾರಾದ್ರೂ ಕೇಳ್ಲಿ ಅಂತ ಜೀವಮಾನ ಎಲ್ಲಾ ಕಾದೋಳು. ಕೇಳಿದ್ರು. ಅವತ್ತು ಕೇಳಿದ್ರು. ಅವಳ ತುಟಿ ಅಲ್ಲಾಡ್ತು. ನಾನು... ಅವಳ ಕಾಲ ಮೇಲಿತ್ತಲ್ಲ ನನ್ನ ಕೈ... ಗಟ್ಟಿಯಾಗಿ ಹಿಂಡಿದೆ. ಬೇಡ ಅಮ್ಮ, ಬೇಡ ಅಂತ. ಅಮ್ಮ ನನ್ನ ನೋಡಿದ್ಲು. ಬಾಗಿಲಲ್ಲಿ ನಿಂತಿದ್ದ ಧನಶ್ರೀನ ನೋಡಿದ್ಲು. ಬಾಯಿ ಮುಚ್ಕೊಂಡ್ಲು.

ವಯಸ್ಸಾಗೈತೆ ಸಾರ್, ತಿಳಿಯಲ್ಲ ಅಂದೆ ನಾನು. ಅವರು ಎದ್ದು ಹೋದ್ರು.

ಆಮೇಲೆ ಅಮ್ಮ ಮಾತಾಡ್ಲೇ ಇಲ್ಲ. ಹಣೆ ಒರಸಿದೆ, ಬೈಬಲ್ ತಂದು ಕೈಲಿಟ್ಟೆ. ಹಿಡ್ಕೊಂಡ್ಲು. ಗಂಜಿ ಕುಡಿಸಿದ್ರೆ ಕುಡಿದ್ಲು. ಅಮ್ಮಾ ಬೈಯಮ್ಮಾ ಅಂತ ಕಾಲು ಹಿಡ್ಕೊಂಡೆ. ಏನಿಲ್ಲ. ಎರಡು ದಿನ ಹಂಗೇ ಇದ್ದು ಹೋಗ್ಬಿಟ್ಲು. ಕೋಪಾನಾ, ಇಲ್ಲಾ ಕಾಯಿಲೆಗೇ ಮಾತು ಬಿದ್ದೋಯ್ತಾ, ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗೋದೂ ಇಲ್ಲ. ಅಷ್ಟು ವರ್ಷ ಹೇಳ್ಕೊಂಡು ಬಂದ ಮಾತನ್ನ ಕೊನೇಲಿ ನುಂಗಿಸ್ಬಿಟ್ಟೆ ಅವಳಿಗೆ. ಹಂಗೆ ನುಂಗಿಸಿದ ಬಾಯಿಂದ ಪಾಸ್ಟರಯ್ಯನ್ನ ಕರೆಯೋಕೆ ನಾಚಿಕೆಯಾಯ್ತು, ಅದಕ್ಕೂ ಬರ್ಬೇಡಿ ಅಂದೆ. ಕೆಲಸಕ್ಕಷ್ಟೇ ಅಲ್ಲ. ಅವತ್ತಿಂದ ಗುಡಿಗೆ ಕಾಲಿಟ್ಟಿಲ್ಲ ನಾನು. ಇವತ್ತೂ ನೀನು ಮಲಗಿದ್ದೆ ಅಂತಲ್ಲ... ಅವರ ಮುಖ ನೋಡೋಕಾಗಲ್ಲ ಅಂತ. ಕೆಲಸದ ಕಾಗದ ಇನ್ನೂ ಬಂದಿಲ್ಲ. ದಿನಾ ಕಾಯ್ತೀವಿ. ಬರ್ಲಿ ಅಂತ ಪ್ರಾರ್ಥನೆ ಮಾಡೋಕೂ ಬಾಯಿ ಬರಲ್ಲ ಅಕ್ಕ. ಯಾರ ಹೆಸರಲ್ಲಿ ಬೇಡ್ಲಿ?

ಅದಕ್ಕೇ ಕೊರಿಂಥದೋರನ್ನ ಹಿಡ್ಕೊಂಡು ಕೂತಿದೀನಿ. ಜಗಳಗಂಟರು, ಕುಡುಕರು. ಅವರಿಗೇ ಆ ಹೆಸರು ಸಿಕ್ಕಿದ್ರೆ ನನಗೂ ಸಿಗುತ್ತಾ? ಇಲ್ಲ ಅಂದ್ರೂ ಪರ್ವಾಗಿಲ್ಲ. ಅಮ್ಮ ಅಲ್ಲಿ ಬಿಳಿ ಬಟ್ಟೇಲಿ ನಿಂತಿದ್ರೆ ಸಾಕು. ಮಗಳಿಗೋಸ್ಕರ ಬಾಯಿ ಮುಚ್ಕೊಂಡೋಳನ್ನ ಅಲ್ಲಿ ಆಚೆಗೆ ನಿಲ್ಲಿಸಲ್ಲ ತಾನೇ? ಅಯ್ಯಾ, ನಿನಗೇ ಗೊತ್ತು ಅಂದ್ರೆ ಸಾಕು ತಾನೇ ಅಲ್ಲಿ? ಹೇಳಕ್ಕ. ಅಷ್ಟಾದ್ರೂ ಹೇಳು.

...

ಏನಿದು? ಮೊಂಬತ್ತಿ... ನನ್ನ ಕೈಗ್ಯಾಕೆ? ಇಲ್ಲಿ ಹಚ್ಚಾಯ್ತಲ್ಲ.

ಅಕ್ಕ, ಎಲ್ಲಿಗೆ? ಬಕೆಟ್ ಯಾಕೆ ತಗೊಂಡೆ? ಅಕ್ಬರ್‌ನ ಯಾಕೆ ಎಬ್ಬಿಸ್ತೀಯ... ಊರಿಗಾ? ಈಗ್ಲೇ? ಆ ಕಲ್ಲನ್ನ ಕೆರೆ ಕಟ್ಟೆ ಕೆಳಗೆ... ಹಗಲಲ್ಲಿ, ಕೇರಿಯೋರೆಲ್ಲ ನೋಡ್ತಾರೆ ಅಕ್ಕ! ಮೇಲೆ ಶಿಲುಬೆ ಐತೆ! ಇನ್ನೂ ಕಾಗದ ಬಂದಿಲ್ಲ ಅಂದ್ನಲ್ಲ...

ಅಕ್ಕಾ!

... ಇರು. ಇರು ಅಕ್ಕ, ಬೇಡ ಅನ್ನೋಕೆ ಬರ್ತಿಲ್ಲ ನಾನು. ಭಾರ ಐತೆ ಅದು, ಅಲ್ಲಿ ನೀನೊಬ್ಳೇ ಇಳಿಸೋಕಾಗಲ್ಲ. ಒಂದು ಕಡೆ ನಾನು ಹಿಡ್ಕೊಂತೀನಿ. ಧನಶ್ರೀಗೆ ದಾರೀಲಿ ಫೋನ್ ಮಾಡ್ತೀನಿ... ಏನಂತ ಹೇಳ್ಲೋ ಗೊತ್ತಿಲ್ಲ, ಹೇಳ್ತೀನಿ. ಅಕ್ಬರ್, ಆ ಗೋಣಿಚೀಲ ತೆಗೆದ್ಬಿಡಪ್ಪ. ಮುಚ್ಚೋದು ಬೇಡ. ಹೆಸರು ಮೇಲಕ್ಕೆ ಬರೋ ಹಂಗೆ ಇಡು.

ಅವಳ ಬಾಯಿ ನಾನು ಮುಚ್ಚಿಸ್ದೆ. ಕಲ್ಲಾದ್ರೂ ಹೇಳ್ಲಿ.